ಹದಿನಾಲ್ಕನೆಯ ತೊಲೆ

ಸಿದ್ದಲಿಂಗ ಶಾಯಿಯ ಡಬ್ಬಿ ಹಿಡಿದುಕೊಂಡು ಕೇರಿಗೆ ಬಂದಾಗ ಕಾಶಿಬಾಯಿ ತಾಡಪತ್ರಿಯ ಕೆಳಗೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಗೌಡರ ವಾಡೆಯ ಕಾರಭಾರಿ ಈ ಕೇರಿಗೆ ಬರುವುದು ಎರಡು ಕೆಲಸಕ್ಕೆ. ಓಟು ಕೇಳಲು, ಇಲ್ಲವೆ ಸತ್ತ ದನ ಎಳೆಯಲು ಆಳು ಕರೆಯಲು. ಓಟು ಮುಗಿದು ಹೋಗಿತ್ತು. ದನ ಸತ್ತ ಸುದ್ದಿ ಇರಲಿಲ್ಲ.

"ಏನಬೇ ಕಾಶಿ, ಆರಾಮ ಅದಿಯಿಲ್ಲೋ?"

ಅವನು ಆರಾಮ ಕೇಳಿದ್ದು ಇದೇ ಮೊದಲು.

"ಅದೇನ್ರಿ ಹಿಂಗ. ಕುಂಡ್ರಿ ಅನ್ನಾಕ ಪಡಸಾಲಿ ಇಲ್ಲ. ಅಲ್ನೋಡ್ರಿ, ನನ್ನ ಮಾಳಿಗಿನ ನೆಲಕ್ಕ ಕುಂತೈತಿ. ಅದರ ಬಾಜೂಕ ನೀವೂ ಕುಂಡ್ರಿ ಬೇಕಾದ್ರ."

ತಾಡಪತ್ರಿಯ ಹಿಂದೆ ಮಣ್ಣಿನ ಗುಪ್ಪೆ ಇತ್ತು. ಅದು ಆಕೆಯ ಮನೆ. ಮೂರು ಗೋಡೆ ನಿಂತಿದ್ದವು, ಮಾಳಿಗೆ ಅವುಗಳ ನಡುವೆ ಬಿದ್ದಿತ್ತು. ಒಲೆಯ ಮುಂದೆ ಕೂತಿದ್ದ ಸೊಸೆ ಸುನೀತಾ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು.

ಸಿದ್ದಲಿಂಗ ಕೂಡಲಿಲ್ಲ. "ಒಂದ ಹೆಬ್ಬೆಟ್ಟ ಬೇಕಾಗಿತ್ತಬೇ. ವಾಡೆಕ್ಕ ಪ್ರಶಸ್ತಿ ಬರೂದೈತಿ, ದಿಲ್ಲಿದು. ಹಳೇ ಮನಿ ಉಳಿಸಿದವ್ರಿಗೆ ಕೊಡ್ತಾರ. ಹೊಸಾ ಗಿಡ ಒಂದೂ ಕಡೀದೆ, ಹಳೇ ಕಟ್ಟಿಗೀಲೆ ಕೆಲಸ ಮಾಡಿರಬೇಕು. ನಮ್ಮ ಪಡಸಾಲ್ಯಾಗ ಹದಿನಾಕ ತೊಲಿ ಅದಾವ. ಒಂದೊಂದು ಎಲ್ಲಿಂದ ಬಂತು, ಯಾರು ಕೊಟ್ರು ಅಂತ ಕಾಗದ ಕೇಳ್ಯಾರ. ಹದಿಮೂರಕ್ಕ ಆಗೇತಿ. ನಿಂದೊಂದ ಉಳದೈತಿ."

ಕಾಶಿಬಾಯಿಯ ಕೈ ಮೊಣಕಾಲ ಮೇಲೆ ನಿಂತಿತು. ಹೋದ ಬೇಸಿಗೆಯಿಂದ ಆಕೆ ವಾಡೆಯ ಹಿತ್ತಲ ಬಾಗಿಲಿಗೆ ಹೋಗಿ ನಿಂತು ಬಂದದ್ದು ಎಷ್ಟು ಸಲವೋ. ಪ್ರತಿ ಸಲವೂ ಈ ಮನುಷ್ಯ, "ಯಾವ ತೊಲಿಬೇ? ನಿಂದು ಗೆದ್ದಲಿ ತಿಂದಿರಬೇಕು ನೋಡು," ಎಂದಿದ್ದ. ಈಗ ತಾನಾಗಿಯೇ ನಿಂದು ಎನ್ನುತ್ತಿದ್ದಾನೆ.

"ಸುನೀತಾ, ಏನ ಬರದಾರ ಓದವ್ವಾ."

ಸುನೀತಾ ಹತ್ತನೆಯ ಇಯತ್ತೆ ಓದಿದವಳು. ಕಾಗದ ಇಸಿದುಕೊಂಡು ಗಟ್ಟಿಯಾಗಿ ಓದಿದಳು. "ಕೆಳಗೆ ಹೆಬ್ಬೆಟ್ಟು ಒತ್ತಿದ ನಾನು, ಪಾಳು ಬಿದ್ದ ನನ್ನ ಮನೆಯ ಹಳೆಯ ತೊಲೆಯನ್ನು ವಾಡೆಯ ಜೀರ್ಣೋದ್ಧಾರಕ್ಕೆ ಸ್ವಖುಷಿಯಿಂದ ಕೊಟ್ಟಿರುತ್ತೇನೆ."

"ಸ್ವಖುಷಿ ಅಂದ್ರ?"

"ನೀ ಖುಷಿಲೆ ಕೊಟ್ಟಿ ಅಂತ ಅತ್ತಿ."

"ನಾ ಯಾವಾಗ ಖುಷಿ ಇದ್ದೆ? ನೀ ನೋಡಿಯೇನ?"

"ನಾ ಈ ಮನಿಗೆ ನಡಿಯಾಕ ಬಂದಾಗಿಂದಂತೂ ನೋಡಿಲ್ಲ. ಅದಕ್ಕಿಂತ ಮದ್ಲ ಇದ್ರ ಗೊತ್ತಿಲ್ಲ."

ಸಿದ್ದಲಿಂಗ ಗದರಿಸಿದ. "ಹಾಸ್ಯ ಸಾಕು. ಬೊಟ್ಟ ತಾ ಇಲ್ಲಿ."

ಕಾಶಿಬಾಯಿ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. "ತೊಲಿ ಇಳಿಸ್ರಿ. ನನ್ನ ಮನಿ ಮುಂದ ತಂದು ಹಾಕ್ರಿ. ಆಮ್ಯಾಲ ಹತ್ತೂ ಬೆರಳು ಒತ್ತತೇನಿ."

ಆ ತೊಲೆಗೆ ಒಂದು ಕಥೆ ಇತ್ತು. ಕಾಶಿಬಾಯಿ ಮದುವೆಯಾಗಿ ಈ ಮನೆಗೆ ಬಂದ ವರ್ಷ ಅತ್ತೆ ಹೇಳಿದ್ದಳು, ರೊಟ್ಟಿ ಬಡಿಯುತ್ತ, ಬಡಿತಕ್ಕೊಂದು ಮಾತು ಸೇರಿಸುತ್ತ. ಒಂದು ವರ್ಷ ಡೋಣಿ ಹೊಳೆ ಎಷ್ಟು ಬಂತೆಂದರೆ ಜಾಲಿಗಿಡಗಳ ತುದಿ ಮುಳುಗಿದವು. ಊರೆಲ್ಲ ದಂಡೆಯ ಮೇಲೆ ನಿಂತು ನೋಡಿತು. ಎತ್ತು ಹೋದವು, ಬಣವೆ ಹೋದವು, ಒಂದು ಹೊರಸು ಹೋಯಿತು, ಅದರ ಮೇಲೆ ಕೋಳಿಯೊಂದು ರಾಣಿಯ ಹಾಗೆ ಕೂತಿತ್ತು. ಆಮೇಲೆ ಒಂದು ತೊಲೆ ಬಂತು. ಯಾರೂ ಇಳಿಯಲಿಲ್ಲ. ಅತ್ತೆಯ ಮಾವ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಹಗ್ಗ ಹರಿಯಿತು. ಹೊಳೆ ಅವನನ್ನೂ ತೊಲೆಯನ್ನೂ ಒಯ್ದಿತು. ಮನೆಯಲ್ಲಿ ಅತ್ತು ಮುಗಿಸಿದ್ದರು. ಮೂರನೆಯ ದಿನ ಅವನು ಬಂದ, ಹೆಗಲ ಚರ್ಮ ಸುಲಿದು ಹೋಗಿತ್ತು, ತೊಲೆಯನ್ನು ಕೆಸರಿನಲ್ಲಿ ಎಳೆದುಕೊಂಡು ಬಂದಿದ್ದ. ಅಂಥ ಸಾಗವಾನಿ ಕೇರಿಯಲ್ಲಿ ಯಾರ ಮನೆಗೂ ಇರಲಿಲ್ಲ. ಮನೆಗೆಂದು ತೊಲೆ ತಂದದ್ದಲ್ಲ, ತೊಲೆಗೆಂದು ಮನೆ ಕಟ್ಟಿದ್ದು.

ಆಮೇಲೆ ಅದಕ್ಕೆ ತೊಟ್ಟಿಲು ಕಟ್ಟಿದರು. ನಾಲ್ಕು ತಲೆಮಾರಿನ ಕೂಸುಗಳು ತೂಗಿದವು. ಹಗ್ಗ ಉಜ್ಜಿ ಉಜ್ಜಿ ತೊಲೆಯ ನಡುವೆ ಎರಡು ಕಚ್ಚು ಬಿದ್ದವು, ಬೆರಳು ಇಟ್ಟರೆ ಕೂಡುವಷ್ಟು ಆಳ. ಕಾಶಿಬಾಯಿ ಐದು ಹಡೆದಳು. ಎರಡು ಆ ತೊಟ್ಟಿಲಿನಿಂದಲೇ ಮಣ್ಣಿಗೆ ಹೋದವು.

ಹೋದ ವರ್ಷದ ಹಿಂದಿನ ದಸರೆಗೆ ಕೂಲಿ ಆಳು ಒಯ್ಯುವ ಮುಕಾದಮನ ಲಾರಿ ಬಂತು. ಕೊಲ್ಲಾಪುರದ ಕಡೆ ಕಬ್ಬು ಕಡಿಯಲು. ಮಗ ಯುವರಾಜ, ಸುನೀತಾ ಕೊಯ್ತಾ ಹಿಡಿದರು, ಕಾಶಿಬಾಯಿ ಸೂಡು ಕಟ್ಟಲು ಹೋದಳು. ಹೋಗುವ ಮುಂದೆ ಎಲ್ಲರೂ ಮಾಡುವುದನ್ನೇ ಆಕೆಯೂ ಮಾಡಿದಳು. ಐದು ಜಾಲಿಮುಳ್ಳಿನ ಕೊಂಬೆ ಕಡಿದು ತಂದು ಬಾಗಿಲಿಗೆ ಅಡ್ಡ ಹಚ್ಚಿದಳು. ಮುಳ್ಳು ಹಚ್ಚಿದ ಬಾಗಿಲೆಂದರೆ ಮನೆಯವರು ದುಡಿಯಲು ಹೋಗಿದ್ದಾರೆ, ಯುಗಾದಿಗೆ ಬರುತ್ತಾರೆ ಎಂದು ಈ ಭಾಗದ ಕೂಸಿಗೂ ಗೊತ್ತು. ನಾಯಿ ಕೂಡ ಒಳಗೆ ಮೂತಿ ಹಾಕುವುದಿಲ್ಲ.

ಯುಗಾದಿಗೆ ಬಂದು ನೋಡಿದರೆ ಮುಳ್ಳನ್ನು ಯಾರೋ ಎತ್ತಿ ನೀಟಾಗಿ ಗೋಡೆಗೆ ಆನಿಸಿ ಇಟ್ಟಿದ್ದರು. ಮಾಳಿಗೆ ಒಳಗೆ ಬಿದ್ದಿತ್ತು. ತೊಲೆ ಇರಲಿಲ್ಲ.

ಅದು ಎಲ್ಲಿದೆಯೆಂದು ಗೊತ್ತಾದದ್ದು ಆ ಬೇಸಿಗೆಯಲ್ಲಿ. ವಾಡೆಯ ಮಾಳಿಗೆಗೆ ಕರ್ಲಮಣ್ಣು ಹಾಕಲು ಕೇರಿಯ ಹೆಂಗಸರನ್ನು ಕರೆದರು. ಕರ್ಲಮಣ್ಣೆಂದರೆ ಹಳ್ಳದ ದಂಡೆಯ ಉಪ್ಪು ಮಣ್ಣು, ಮಳೆ ನೀರು ಕೆಳಗೆ ಇಳಿಯದಂತೆ ಮಾಳಿಗೆಗೆ ಹಾಸುತ್ತಾರೆ. ಎಲ್ಲಿ ಅಗೆಯಬೇಕೆಂದು ನಾಲಿಗೆ ಹೇಳಬೇಕು. ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟರೆ ಉಪ್ಪಿರಬೇಕು, ಕಚ್ಚಬಾರದು. ಕಚ್ಚುವ ಮಣ್ಣು ಜಂತಿ ತಿನ್ನುತ್ತದೆ, ಸಪ್ಪನೆಯದು ಸೋರುತ್ತದೆ. ಆ ನಾಲಿಗೆ ಈಗ ಕಾಶಿಬಾಯಿಗೆ ಮಾತ್ರ ಉಳಿದಿತ್ತು. ಹನ್ನೊಂದು ದಿನ ಮಣ್ಣು ನೆಕ್ಕಿದಳು, ಅಗೆದಳು, ಪುಟ್ಟಿ ಹೊತ್ತಳು. ಹಿತ್ತಲಿನಲ್ಲಿ ನಿಚ್ಚಣಿಕೆ ಇತ್ತು. ಕೇರಿಯವರು ಅದರಿಂದ ಹತ್ತಿ ಅದರಿಂದಲೇ ಇಳಿಯಬೇಕು. ದೇವರ ಕೋಣೆಯ ನೆತ್ತಿಯ ಮೇಲೆ ಅವರು ತುಳಿಯಬಹುದು. ವಾಡೆಯ ಹೊಸ್ತಿಲು ದಾಟುವಂತಿಲ್ಲ. ಹಿಂದಿನಿಂದಲೂ ಹಾಗೆಯೇ. ಗೌಡರ ಮಗಳು ಇಂಜಿನಿಯರ ಅಕ್ಕನವರು ಆ ನಿಚ್ಚಣಿಕೆಯನ್ನೂ ಹಳೆಯದರ ಹಾಗೆ ಹೊಸದಾಗಿ ಮಾಡಿಸಿ ಅಲ್ಲೇ ಇಡಿಸಿದ್ದರು.

ಒಂಬತ್ತನೆಯ ದಿನ ಬೆಳಕಿಂಡಿಯ ಸುತ್ತ ಮಣ್ಣು ಮೆತ್ತುತ್ತ ಬಗ್ಗಿದಳು. ಸೂರ್ಯ ನೆತ್ತಿಗೆ ಬಂದಿದ್ದ. ಬೆಳಕಿನ ಕೋಲು ಪಡಸಾಲೆಗೆ ಇಳಿದಿತ್ತು. ಅದು ಮುಟ್ಟಿದ ಜಾಗದಲ್ಲಿ ಎರಡು ಕಚ್ಚುಗಳಿದ್ದವು.

ಕಾಶಿಬಾಯಿ ಹಿಂದೆ ಸರಿದು ಕೂತಳು. ಕಾಲ ಕೆಳಗಿನ ಹಸಿ ಮಣ್ಣು ನೋಡಿದಳು. ತನ್ನ ತೊಲೆಯ ಮೇಲೆ ತಾನೇ ಮಣ್ಣು ಹೊತ್ತು ಹಾಕಿದ್ದಳು. ತಾನೇ ತುಳಿದಿದ್ದಳು.

ಸಂಜೆ ಗೌಂಡಿ ನಬಿಲಾಲನನ್ನು ದಾರಿಯಲ್ಲಿ ತಡೆದು ಕೇಳಿದಳು. ಅವನು ತಲೆ ಎತ್ತಲಿಲ್ಲ. "ನಾನ ಇಳಿಸೇನಿ ಕಾಶವ್ವಾ. ಹಾಳ ಮನಿ ಐತಿ ಇಳಸು ಅಂದ ಸಿದ್ದಲಿಂಗ. ಮುಳ್ಳ ಐತಲ್ರಿ ಅಂದೆ. ಕೊಟ್ಟ ಪಗಾರಕ್ಕ ಕೆಲಸ ಮಾಡ್ತಿಯೋ, ಮುಳ್ಳ ಎಣಸ್ತಿಯೋ ಅಂದ."

ಶಾಯಿಯ ಡಬ್ಬಿ ತಿರುಗಿ ಹೋದ ನಾಲ್ಕನೆಯ ದಿನ ಜಯಮಾಲಾ ತಾನೇ ಬಂದಳು. ಬಸಂತರಾಯ ಗೌಡರ ಮಗಳು, ಪುಣೆಯಲ್ಲಿ ಓದಿದ ಇಂಜಿನಿಯರ, ವಾಡೆಯ ಕೆಲಸ ಮಾಡಿಸಿದವಳು ಆಕೆಯೇ. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತಳು. ಸುನೀತಾ ಕೊಟ್ಟ ಚಹಾ ಕುಡಿದಳು. ಕೇರಿಯ ಹೆಂಗಸರು ಸಂದಿಯಿಂದ ಇಣುಕಿ ನೋಡಿದರು, ಬಸಿ ಬರಿದಾಗುವ ತನಕ.

"ಕಾಶಕ್ಕಾ, ನಂಗ ಖರೇನ ಗೊತ್ತಿರ್ಲಿಲ್ಲ. ಬಾಗಿಲಿಗೆ ಮುಳ್ಳಿತ್ತು. ಯಾರೂ ಇಲ್ಲ, ಬಿಟ್ಟು ಹೋಗ್ಯಾರ ಅಂತ ತಿಳಕೊಂಡೆ."

"ಬಿಟ್ಟು ಹೋಗಾವ್ರು ಮುಳ್ಳ ಯಾಕ ಹಚ್ಚತಾರ್ರಿ ಅಕ್ಕಾರ? ತಿರುಗಿ ಬರಾವ್ರು ಹಚ್ಚತಾರ."

ಜಯಮಾಲಾ ಬರಿದಾದ ಬಸಿ ನೆಲಕ್ಕೆ ಇಟ್ಟಳು. ಕೆಟ್ಟ ಹೆಣ್ಣಲ್ಲ ಆಕೆ. ಕಣ್ಣಿನಲ್ಲಿ ನೀರು ಕೂಡ ಬಂತು. "ಆಗಿದ್ದು ಆಗಿ ಹೋತು. ಈಗ ಅದನ್ನ ತಗದ್ರ ಇಡೀ ಪಡಸಾಲಿ ಕೆಳಗ ಬರ್ತೈತಿ. ನಿಮಗ ಕಬ್ಬಿಣದ ತೊಲಿ ಕೊಡಸ್ತೇನಿ. ಮ್ಯಾಲ ತಗಡಿನ ಪತ್ರಾಸ ಹಾಕಿಸಿ ಕೊಡ್ತೇನಿ. ವಾಡೆದಾಗ ಬೋರ್ಡ್ ಹಚ್ಚಸ್ತೇನಿ, ಈ ತೊಲೆ ಕಾಶಿಬಾಯಿಯವರ ಕೊಡುಗೆ ಅಂತ."

"ಆ ಕಬ್ಬಿಣ ನಿಮ್ಮ ವಾಡೆಕ್ಕ ಹಾಕ್ರಿ. ನನ್ನ ಕಟ್ಟಿಗಿ ನಂಗ ಕೊಡ್ರಿ."

"ಹಂಗ ಮಾಡಿದ್ರ ಪ್ರಶಸ್ತಿ ಬರೂದಿಲ್ಲಕ್ಕಾ. ಅದು ಕಟ್ಟಿಗಿ ಕೆಲಸಕ್ಕ ಕೊಡೂ ಪ್ರಶಸ್ತಿ."

ಸುನೀತಾ ಒಲೆಯ ಮುಂದಿನಿಂದಲೇ ಹೇಳಿದಳು, "ಕಬ್ಬಿಣ ಅಂದ್ರ ನಿಮಗ ಒಪ್ಪೂದಿಲ್ಲ, ನಮಗ ಒಪ್ಪತೈತಿ. ಹಂಗಲ್ಲೇನ್ರಿ?"

ಜಯಮಾಲಾ ಚಪ್ಪಲಿ ಹಾಕಿಕೊಂಡು ಹೋದಳು.

ಮರುದಿನದಿಂದ ಕೇರಿಯ ಯಾವ ಹೆಂಗಸಿಗೂ ವಾಡೆಯ ಕೆಲಸ ಇಲ್ಲ. ಗೌಡರ ಹೊಲದಲ್ಲಿ ಜೋಳ ಮುರಿಯಲು ನಾಲತವಾಡದ ಸಂತೆಯಿಂದ ಆಳು ತಂದರು. ಯುವರಾಜ ಗೋವಾಕ್ಕೆ ಸ್ಲ್ಯಾಬಿನ ಕೆಲಸಕ್ಕೆ ಹೋಗಿದ್ದ. ಬಾಗಿಲಿಲ್ಲದ ಮನೆ ಬಿಟ್ಟು ಹೋಗಲು ಬರುವುದಿಲ್ಲವೆಂದೇ ಸುನೀತಾ ಉಳಿದಿದ್ದಳು. ಹೆಂಗಸರು ಬಂದು ತಾಡಪತ್ರಿಯ ಮುಂದೆ ನಿಂತರು.

"ನಿನ್ನ ಒಂದ ಬೊಟ್ಟಿನ ಸಲುವಾಗಿ ನಮ್ಮ ಒಲಿ ಆರಬೇಕೇನ ಕಾಶಕ್ಕಾ? ಒತ್ತಿ ಬಿಡು. ಶಾಯಿ ಏನ ಸುಡ್ತೈತೇನ?"

ಅವರು ಹೇಳುತ್ತಿದ್ದುದು ಸುಳ್ಳಲ್ಲ. ಮೂರು ದಿನ ಕಾಶಿಬಾಯಿ ಯಾರ ಮುಖವನ್ನೂ ನೋಡದೆ ನೀರಿಗೆ ಹೋಗಿ ಬಂದಳು. ಆದರೂ ಬೊಟ್ಟು ಕೊಡಲಿಲ್ಲ. ಕೊಟ್ಟರೆ ಹೊಳೆಗೆ ಇಳಿದವನು ಇಳಿದೇ ಇಲ್ಲ ಎಂದಾಗುತ್ತದೆ. ಎರಡು ಕೂಸು ಸತ್ತದ್ದು ಪಾಳು ಮನೆಯಲ್ಲಿ ಎಂದಾಗುತ್ತದೆ. ಇಷ್ಟನ್ನು ಆಕೆ ಯಾರಿಗೂ ಬಿಡಿಸಿ ಹೇಳಲಾರಳು. ಕೈ ಮಾತ್ರ ಸೆರಗಿನಿಂದ ಹೊರಗೆ ಬರಲೊಲ್ಲದು.

ಪ್ರಶಸ್ತಿಯ ಪಂಚರು ಬಂದದ್ದು ಶಿವರಾತ್ರಿ ಆದ ವಾರ. ಮೂವರಿದ್ದರು. ಅವರಿಗೆ ಕರ್ಲಮಣ್ಣಿನ ಕೆಲಸ ತೋರಿಸಬೇಕೆಂದು ಜಯಮಾಲಾ ಹೇಳಿ ಕಳಿಸಿದ್ದಳು. ಸಿದ್ದಲಿಂಗನೇ ಕರೆಯಲು ಬಂದ.

"ನೀ ಬರದಿದ್ರ ಮಾಳಿಗಿ ಸೋರತೈತಿ ಅಂತ ತಿಳಕೋಬ್ಯಾಡ. ಮಣ್ಣಿನ ಬುಡಕ ಕರೀ ಪ್ಲಾಸ್ಟಿಕ್ ಹಾಸೇವಿ, ನೀನ ನೋಡಿಯಲ್ಲ. ಬರೇ ತೋರಸಾಕ ಬಾ. ಚೊಲೋ ಸೀರಿ ಉಟ್ಟಗೋಬ್ಯಾಡ ಮತ್ತ, ಇದ ಇರ್ಲಿ."

ಕಾಶಿಬಾಯಿ ಹೋದಳು. ಹಿತ್ತಲಿನಲ್ಲಿ ನಿಚ್ಚಣಿಕೆಯ ಕೆಳಗೆ ಪುಟ್ಟಿ, ಸಿಂಬಿ, ಮಣ್ಣು ಜೋಡಿಸಿ ಇಟ್ಟಿದ್ದರು. ಪಂಚರು ಮೇಲೆ ನೋಡುತ್ತ ನಿಂತಿದ್ದರು. ಒಬ್ಬನ ಕೈಯಲ್ಲಿ ಕ್ಯಾಮೆರಾ.

"ಹತ್ತು ಕಾಶಕ್ಕಾ," ಎಂದಳು ಜಯಮಾಲಾ. "ಮದ್ಲ ಮಣ್ಣ ನೆಕ್ಕಿ ತೋರಸು."

"ಒಲ್ಲೆರಿ."

"ಏನು?"

"ಮಣ್ಣ ನೆಕ್ಕೂದಿಲ್ಲ. ಈ ನಿಚ್ಚಣಿಕಿನೂ ಹತ್ತೂದಿಲ್ಲ."

ತಿರುಗಿದಳು. ವಾಡೆಯ ಗೋಡೆಗುಂಟ ನಡೆದಳು. ನೋಯುವ ಮೊಣಕಾಲು ಎಳೆಯುತ್ತ ಇಡೀ ವಾಡೆ ಸುತ್ತಿ ಮುಂದಿನ ಬಾಗಿಲಿಗೆ ಬಂದಳು. ಹಿಂದೆ ಸಿದ್ದಲಿಂಗ ಹಲ್ಲು ಕಚ್ಚಿ, "ಏ ಕಾಶಿ, ನಿಂದರ," ಎನ್ನುತ್ತಿದ್ದ. ಪರಸ್ಥಳದವರು ಇದ್ದುದರಿಂದ ದನಿ ಏರಿಸಲಾರ, ಮೈ ಮುಟ್ಟಿ ತಡೆಯಲಾರ. ಕಾಶಿಬಾಯಿ ಹೊಸ್ತಿಲು ದಾಟಿದಳು. ಅರವತ್ತು ವರ್ಷದ ಕಾಲು ಅಲ್ಲಿ ಮೊದಲ ಸಲ ಇಳಿಯಿತು. ತಣ್ಣನೆಯ ಕಲ್ಲು. ಆಕೆ ಏನೋ ಆಗುತ್ತದೆಂದು ತಿಳಿದಿದ್ದಳು. ಏನೂ ಆಗಲಿಲ್ಲ. ನೆಲ ನೆಲದ ಹಾಗೆಯೇ ಇತ್ತು.

ಪಡಸಾಲೆಯಲ್ಲಿ ಬಸಂತರಾಯ ಗೌಡರ ತಾಯಿ ಕುರ್ಚಿಯ ಮೇಲೆ ಕೂತಿದ್ದಳು. "ಯಾರಕಿ? ಯಾರ ಒಳಗ ಬಿಟ್ರು ಇಕಿನ್ನ?"

ಕಾಶಿಬಾಯಿ ಆ ಕಡೆ ನೋಡಲಿಲ್ಲ. ಎಡಗಡೆಯಿಂದ ಮೂರನೆಯ ತೊಲೆ. ಎಣ್ಣೆ ಕುಡಿಸಿ ಹೊಳಪು ತಂದಿದ್ದರು. ಕಚ್ಚುಗಳು ಹಾಗೆಯೇ ಇದ್ದವು. ಕೈ ಎತ್ತಿದಳು. ಎಟುಕಲಿಲ್ಲ.

ಪಂಚರಲ್ಲಿ ಒಬ್ಬಾಕೆ ಪುಣೆಯವಳು, ಬಿಳಿ ಕೂದಲಿನ ಹೆಂಗಸು. ಮರಾಠಿ ಮಾತಾಡುವುದು ಕಾಶಿಬಾಯಿಯ ಕಿವಿಗೆ ಬಿದ್ದಿತ್ತು. ಇಪ್ಪತ್ತು ಹಂಗಾಮು ಕಬ್ಬಿನ ಗದ್ದೆ ಕಲಿಸಿದ ಮರಾಠಿ ಆಕೆಯ ಬಾಯಲ್ಲಿ ಇತ್ತು. ಜಯಮಾಲಾಳ ಕಡೆ ನೋಡದೆ ನೇರ ಆ ಹೆಂಗಸಿಗೆ ಹೇಳಿದಳು.

"ಬಾಯಿ, ಹೀ ತುಳಯೀ ಮಾಝೀ ಆಹೆ. ಮಾಝ್ಯಾ ಘರಾಚೀ."

ಈ ತೊಲೆ ನನ್ನದು, ನನ್ನ ಮನೆಯದು. ಆಮೇಲೆ ಎಲ್ಲವನ್ನೂ ಹೇಳಿದಳು. ಮುಳ್ಳು, ಕಬ್ಬು, ಬಿದ್ದ ಮಾಳಿಗೆ, ತೊಟ್ಟಿಲು, ಶಾಯಿಯ ಡಬ್ಬಿ. ಪುಣೆಯ ಹೆಂಗಸು ಬರೆದುಕೊಂಡಳು. ಒಂದು ಪುಟ ತುಂಬಿತು, ಹಾಳೆ ತಿರುವಿದಳು.

ಗೌಡರ ತಾಯಿ ಎದ್ದು ನಿಂತಿದ್ದಳು. "ಹೊಲಗೇರಿ ಕಟ್ಟಿಗಿ ನನ್ನ ತಲಿ ಮ್ಯಾಲೆ? ಸುಳ್ಳ ಬೊಗಳಾಕತ್ತಾಳ. ಅದು ನಮ್ಮ ತೊಲಿ. ನನ್ನ ಮಕ್ಕಳ ತೊಟ್ಟಲ ಕಟ್ಟಿದ್ದು."

"ಹಂಗಾದ್ರ ಒಂದ ಕೆಲಸ ಮಾಡ್ರಿ ಗೌಡಶಾನಿ," ಎಂದಳು ಕಾಶಿಬಾಯಿ. "ನಿಮ್ಮ ಬೊಟ್ಟ ಒತ್ರಿ ಆ ಕಾಗದಕ್ಕ. ನಂದ್ಯಾಕ ಕೇಳ್ತೀರಿ?"

ಪುಣೆಯ ಹೆಂಗಸು ಇದನ್ನು ಇಳಿಸಿದವರು ಯಾರು ಎಂದು ಕೇಳಿದಳು. ಬಾಗಿಲ ಬದಿಗೆ ನಬಿಲಾಲ ಕೈಕಟ್ಟಿ ನಿಂತಿದ್ದ. ಎಲ್ಲರೂ ಅವನ ಕಡೆ ತಿರುಗಿದರು. ನಬಿಲಾಲ ಸಿದ್ದಲಿಂಗನನ್ನು ನೋಡಿದ. ಆಮೇಲೆ ತನ್ನ ಕಾಲಿನ ಬೆರಳು ನೋಡಿದ.

"ಗುಜರಿಯಿಂದ ಬಂದಿದ್ದು ಐತ್ರಿ. ಮುದ್ದೇಬಿಹಾಳದಿಂದ. ನಂಗ ಅಷ್ಟ ಗೊತ್ತು."

ಕಾಶಿಬಾಯಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೂ ಇಂಥದೇ ಒಂದು ಮನೆ ಇದೆ, ಇಂಥದೇ ಒಂದು ಮಾಳಿಗೆ.

ಪುಣೆಯ ಹೆಂಗಸು ಆಕೆಯ ಹೆಗಲ ಮೇಲೆ ಕೈ ಇಟ್ಟಳು. ಮರಾಠಿಯಲ್ಲಿ, ನೀವು ಧೈರ್ಯವಂತರು ಎಂದಳು. ಕಾಶಿಬಾಯಿ ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದಳು. ಬೀದಿಯ ತಿರುವಿಗೆ ಬಂದಾಗ ಹಿಂದೆ ಕೊಡದಿಂದ ನೀರು ಸುರಿಯುವ ಸಪ್ಪಳ ಕೇಳಿಸಿತು. ಹೊಸ್ತಿಲು ತೊಳೆಯುತ್ತಿದ್ದರು. ತೊಲೆಯನ್ನು ಯಾರೂ ತೊಳೆಯಲಿಲ್ಲ.

"ಎರಡ ಪಾನ ಬರಕೊಂಡಾಳ ಅತ್ತಿ," ಎಂದಳು ಸುನೀತಾ, ಆಕೆಯೂ ಬಾಗಿಲ ಹೊರಗೆ ನಿಂತು ನೋಡಿದ್ದಳು. "ಸುಮ್ನ ಬರಕೋತಾರೇನ? ಏನರೆ ಆಗ್ತೈತಿ."

ಆಯಿತು. ಪಂಚರು ಪಂಚಾಯಿತಿಗೆ ಬರೆದು ಕೇಳಿದರಂತೆ. ಪಂಚಾಯಿತಿ ಒಂದು ದಾಖಲೆ ಕೊಟ್ಟಿತು. ಅದರ ನಕಲು ಸುನೀತಾ ನೋಡಿದ್ದು ಎರಡು ತಿಂಗಳ ಮೇಲೆ, ಸರಕಾರಿ ಮನೆಯ ಪಟ್ಟಿಯಲ್ಲಿ ಹೆಸರು ಕೇಳಲು ಹೋದಾಗ. ಗುಮಾಸ್ತ ರಾವಸಾಬ ಕಂಪ್ಯೂಟರಿನಲ್ಲಿ ಹುಡುಕಿದ.

"ಈ ನಂಬರದಾಗ ಮನಿ ಇಲ್ಲಲ್ಲ ತಂಗಿ. ಪಾಳು ಜಾಗ ಅಂತ ಐತಿ. ಹನ್ನೆರಡ ವರ್ಷದಿಂದ ಯಾರೂ ಇರೂದಿಲ್ಲಂತ."

"ನಾ ಆ ಮನ್ಯಾಗ ಎರಡ ಹಡದೇನ್ರಿ. ಹಿರೇದಕ್ಕ ಎಂಟ ವರ್ಷ."

"ಇರಬಹುದವ್ವಾ. ಆದ್ರ ಇಲ್ಲಿ ಇಲ್ಲ. ಇಲ್ಲದ ಮನಿ ಬಿದ್ದೈತಿ ಅಂತ ಹೊಸಾ ಮನಿ ಹೆಂಗ ಕೊಡೂದು, ನೀನ ಹೇಳು?" ಅವನು ಪಾಪ ಅನ್ನಿಸುವ ಮುಖ ಮಾಡಿದ. ಮುಂದಿನವರನ್ನು ಕರೆದ.

ಪಾಳು ಜಾಗದ ತೊಲೆಗೆ ಯಾರ ಬೊಟ್ಟೂ ಬೇಕಿಲ್ಲ.

ಮಿರಗಾ ಮಳೆ ಹಿಡಿದ ಮೂರನೆಯ ದಿನ ಪ್ರಶಸ್ತಿಯ ಸುದ್ದಿ ಬಂತು. ಅತ್ತೆ ಸೊಸೆ ತಾಡಪತ್ರಿಯ ಹೊಟ್ಟೆಯಲ್ಲಿ ನಿಂತ ನೀರನ್ನು ಕೋಲಿನಿಂದ ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಮಕ್ಕಳು ಮೂಲೆಯಲ್ಲಿ ಗೋಣಿಚೀಲ ಹೊದ್ದು 'ಈಕಡಿ ಸೋರ್ತು, ಆಕಡಿ ಸೋರ್ತು' ಎಂದು ಆಟ ಆಡುತ್ತಿದ್ದವು. ಊರ ಹುಡುಗರ ಗುಂಪಿನಲ್ಲಿ ಯಾರೋ ಸುದ್ದಿ ಹಾಕಿದ್ದರು. ಸುನೀತಾ ಫೋನು ಸೆರಗಿನಿಂದ ಒರೆಸಿ ಓದಿದಳು.

"ನಿನ್ನ ಸುದ್ದಿನೂ ಐತಿ ಅತ್ತಿ. ಕೇಳಿಲ್ಲಿ. ಬಡ ಮಹಿಳೆಯೊಬ್ಬರ ಬಿದ್ದುಹೋದ ಮನೆಯ ತೊಲೆಯೂ ಇಲ್ಲಿ ಮರುಹುಟ್ಟು ಪಡೆದಿದೆ. ತೊಟ್ಟಿಲ ಹಗ್ಗ ಸವೆಸಿದ ಗುರುತನ್ನು ಅಳಿಸದೆ ಉಳಿಸಿಕೊಂಡದ್ದು ತೀರ್ಪುಗಾರರ ಕಣ್ಣನ್ನು ಒದ್ದೆ ಮಾಡಿತು."

"ಬರಕೊಂಡಿದ್ಲಲ್ಲ ಎರಡ ಪಾನ," ಎಂದಳು ಕಾಶಿಬಾಯಿ. "ಅದ ಇದು."

ಕೆಳಗೆ ಒಂದು ದೊಡ್ಡ ಫೋಟೋ ಇತ್ತು. ಪಂಚರು ಬಂದ ದಿನ ಆಕಾಶಕ್ಕೆ ಮಷೀನು ಹಾರಿಸಿ ತೆಗೆದದ್ದು. ನಡುವೆ ವಾಡೆ, ಸುತ್ತ ಊರು. ಸುನೀತಾ ಎರಡು ಬೆರಳಿಟ್ಟು ಹಿಗ್ಗಿಸಿದಳು. ವಾಡೆಯ ಹಿತ್ತಲು ಬಂತು, ನಿಚ್ಚಣಿಕೆ ಬಂತು, ಹಳ್ಳದ ಕಡೆ ಇಳಿಯುವ ದಾರಿ ಬಂತು, ಕೇರಿಯ ಮಾಳಿಗೆಗಳು ಬಂದವು. ಅಲ್ಲಿ ನಿಂತಳು. ಮತ್ತೆ ಹಿಗ್ಗಿಸಿದಳು.

"ನಮ್ಮ ತಾಡಪತ್ರಿ ಎಲ್ಲೈತಿ?"

ಅತ್ತೆ ಕೋಲು ಬಿಟ್ಟು ಬಗ್ಗಿ ನೋಡಿದಳು. ನೀಲಿ ತಾಡಪತ್ರಿ ಇರಲಿಲ್ಲ. ಮಣ್ಣಿನ ಗುಪ್ಪೆ ಇರಲಿಲ್ಲ. ಮೂರು ಗೋಡೆಯೂ ಇರಲಿಲ್ಲ. ಆ ಜಾಗದಲ್ಲಿ ಒಂದು ಗಿಡ ನಿಂತಿತ್ತು. ದುಂಡಗೆ, ಹಚ್ಚಗೆ, ಒಂದೂ ಎಲೆ ಉದುರದ ಹಾಗೆ.

"ಕಂಪ್ಯೂಟರದಾಗ ಹಚ್ಯಾರತ್ತಿ. ನೀಲಿ ಕಾಣಬಾರದಂತ."

ಮಳೆ ಜೋರಾಯಿತು. ತಾಡಪತ್ರಿ ಮತ್ತೆ ಜೋಲತೊಡಗಿತು. ಕಾಶಿಬಾಯಿ ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಆ ಗಿಡವನ್ನು ಬಹಳ ಹೊತ್ತು ನೋಡಿದಳು, ಸಂತೆಯಲ್ಲಿ ದನ ನೋಡುವವರ ಹಾಗೆ, ಬುಡದಿಂದ ತುದಿಯ ತನಕ.

"ಸುನೀತಾ."

"ಏನತ್ತಿ?"

"ಇದರಾಗ ಒಂದ ತೊಲಿ ಬರ್ತೈತೇನ ನೋಡವ್ವಾ."